ಯಾರನ್ನು ನೋಡಿ ನಗುವುದು? ಯುದ್ಧಕಾಲದ ಕೀವ್‌ನ ಒಂದು ಸ್ಟ್ಯಾಂಡಪ್ ಕ್ಲಬ್: ಪ್ರಕರಣ ಅಧ್ಯಯನ

ಇಲ್ಲಿ ಬರುವ ಕ್ಲಬ್ಬಿಗೆ ಹೆಸರಿಲ್ಲ, ಅದು ಒಂದೇ ಒಂದು ಕ್ಲಬ್ಬೂ ಅಲ್ಲ. ರಷ್ಯಾ 2022ರ ಫೆಬ್ರವರಿ 24ರಂದು ಪೂರ್ಣಪ್ರಮಾಣದ ದಾಳಿ ಶುರುಮಾಡಿದ ಮೇಲೆ ಕೀವ್‌ನ ನೆಲಮಾಳಿಗೆ ವೇದಿಕೆಗಳಲ್ಲಿ ಮತ್ತೆ ಮತ್ತೆ ಎದುರಾದ ಸಂದಿಗ್ಧಗಳನ್ನು ಒಂದೇ ಸೂರಿನಡಿ ತಂದು, ಯಾರ ಗುರುತೂ ಹತ್ತದಂತೆ ಜೋಡಿಸಿದ ಪ್ರಕರಣವಿದು. ಯುದ್ಧದ ಘಟನೆ, ಕಾನೂನು, ದಿನಾಂಕಗಳು ಮಾತ್ರ ಇದ್ದದ್ದು ಇದ್ದಂತೆಯೇ ಇವೆ. ಹಾಸ್ಯ ಕಾರ್ಯಕ್ರಮ ನಡೆಸುವವರಿಗೂ, ನೋವಿನಲ್ಲಿರುವ ಜನರ ಮುಂದೆ ನಿಂತು ಮಾತಾಡಬೇಕಾದ ಯಾರಿಗೂ ಇದರಲ್ಲಿ ಉಪಯೋಗಕ್ಕೆ ಬರುವ ಸಂಗತಿಗಳಿವೆ.

ಹಿನ್ನೆಲೆ

ಯುಕ್ರೇನಿನಲ್ಲಿ ಹಾಸ್ಯವನ್ನು ಯಾರೂ ಸಣ್ಣ ಕಸುಬು ಎಂದುಕೊಂಡಿಲ್ಲ. 2019ರ ಏಪ್ರಿಲ್‌ನಲ್ಲಿ ಶೇ. 73ರಷ್ಟು ಮತ ಪಡೆದು ಅಧ್ಯಕ್ಷರಾದ ವೊಲೊದಿಮಿರ್ ಝೆಲೆನ್ಸ್ಕಿ ‘ಕ್ವಾರ್ತಲ್ 95’ ಎಂಬ ಹಾಸ್ಯ ತಂಡದಿಂದ ಬಂದವರು. ಆ ತಂಡ ಬೆಳೆದದ್ದು ಸೋವಿಯತ್ ಕಾಲದಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಕೆವಿಎನ್ ಎಂಬ ಟಿವಿ ಹಾಸ್ಯ ಸ್ಪರ್ಧೆಯ ಗರಡಿಯಲ್ಲಿ. ಒಂದಿಡೀ ತಲೆಮಾರಿನ ಹಾಸ್ಯಗಾರರು ಕಲಿತದ್ದು ಅಲ್ಲೇ, ರಷ್ಯನ್ ಭಾಷೆಯಲ್ಲೇ. ದುಡ್ಡು, ಹೆಸರು, ಟಿವಿ ಎಲ್ಲಕ್ಕೂ ದಾರಿ ಮಾಸ್ಕೋ ಕಡೆಗೇ ಇತ್ತು. 2014ರಲ್ಲಿ ಕ್ರೈಮಿಯಾ ಮತ್ತು ಡಾನ್‌ಬಾಸ್ ಕದನದ ನಂತರ ಆ ದಾರಿ ಕಿರಿದಾಯಿತು. 2022ರಲ್ಲಿ ಮುಚ್ಚಿಯೇ ಹೋಯಿತು.

ಒಬ್ಬನೇ ನಿಂತು ಮಾತಾಡುವ ಸ್ಟ್ಯಾಂಡಪ್ ಇದಕ್ಕಿಂತ ಚಿಕ್ಕ ವಯಸ್ಸಿನದು. ನಮ್ಮ ಕ್ಲಬ್ ಇರುವುದು ಹಳೆಯ ಬಡಾವಣೆಯೊಂದರ ಕಟ್ಟಡದ ನೆಲಮಾಳಿಗೆಯಲ್ಲಿ. ಇಟ್ಟಿಗೆಯ ಕಮಾನು ಚಾವಣಿ, 70 ಕುರ್ಚಿ, ಇಳಿಯಲು 18 ಮೆಟ್ಟಿಲು, ಹೊರಹೋಗಲು ಎರಡು ಬಾಗಿಲು. ಟಿಕೆಟ್ ಸುಮಾರು 300 ಹ್ರಿವ್ನಿಯಾ (ಯುಕ್ರೇನಿನ ಹಣ). ವಾರಕ್ಕೆ ಎರಡು ಓಪನ್ ಮೈಕ್, ಅಂದರೆ ಹೊಸಬರೂ ಹೊಸ ಸಾಮಗ್ರಿಯೂ ಪರೀಕ್ಷೆಗೆ ನಿಲ್ಲುವ ಸಂಜೆ, ಒಂದು ದೊಡ್ಡ ಪ್ರದರ್ಶನ. ಓಪನ್ ಮೈಕ್‌ನಲ್ಲಿ ತಲಾ ಐದು ನಿಮಿಷದಂತೆ ಹನ್ನೆರಡು ಜನ. ಪ್ರಕರಣದ ಮುಖ್ಯ ಪಾತ್ರಗಳು ಮೂವರು: ಕ್ಲಬ್ ನಡೆಸುವ ನಿರ್ವಾಹಕಿ, ಖಾರ್ಕಿವ್‌ನಿಂದ ಬಂದು ಸೇರಿದ ಮೂವತ್ತು ದಾಟಿದ ಹಾಸ್ಯಗಾರ, ಮತ್ತು ಮುಂದೆ ಬಂದು ಸೇರುವ ಒಬ್ಬ ಮಾಜಿ ಸೈನಿಕ. ಖಾರ್ಕಿವ್ ಎಂದರೆ ಕನ್ನಡಿಗರಿಗೆ ಹೊಸ ಹೆಸರಲ್ಲ. 2022ರ ಮಾರ್ಚ್ 1ರಂದು ಅಲ್ಲಿ ಶೆಲ್ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ಹಾವೇರಿ ಜಿಲ್ಲೆಯವನು.

ಮೊದಲ ತಿಂಗಳುಗಳು: ನಗು ಬೇರೆ, ಚಪ್ಪಾಳೆ ಬೇರೆ

ಮೊದಲ ವಾರಗಳಲ್ಲಿ ಆ ನೆಲಮಾಳಿಗೆಯಲ್ಲಿ ಮಲಗಿದ್ದವರು ಅಕ್ಕಪಕ್ಕದ ಮನೆಗಳವರು. ಕುರ್ಚಿಗಳನ್ನು ಗೋಡೆಗೆ ಒತ್ತಿ, ವೇದಿಕೆಯ ಮೇಲೆ ಔಷಧಿ ಮತ್ತು ಡಬ್ಬಿ ಆಹಾರದ ಪೆಟ್ಟಿಗೆಗಳನ್ನು ಪೇರಿಸಿದ್ದರು. ಏಪ್ರಿಲ್ ಮೊದಲ ವಾರದ ಹೊತ್ತಿಗೆ ರಷ್ಯಾದ ಪಡೆಗಳು ಕೀವ್ ಸುತ್ತಮುತ್ತಲಿಂದ ಹಿಂದೆ ಸರಿದವು, ಬೆನ್ನಿಗೇ ಪಕ್ಕದ ಬುಚಾ ಪಟ್ಟಣದಲ್ಲಿ ನಾಗರಿಕರ ಶವಗಳು ಬಿದ್ದ ಬೀದಿಗಳ ಚಿತ್ರಗಳು ಹೊರಬಂದವು. ಇಂಥ ಹೊತ್ತಲ್ಲಿ ಹಾಸ್ಯವೇ ಎಂಬ ಪ್ರಶ್ನೆ ಕ್ಲಬ್ಬಿನ ಒಳಗೇ ಎದ್ದಿತು. ನಿರ್ವಾಹಕಿ ತೆಗೆದುಕೊಂಡ ಮೊದಲ ನಿರ್ಧಾರ ಸಣ್ಣದು, ಆದರೆ ಮುಂದಿನದಕ್ಕೆಲ್ಲ ಅದೇ ಬುನಾದಿಯಾಯಿತು. ಪ್ರದರ್ಶನ ನಡೆಯಲಿ, ಟಿಕೆಟ್ ದುಡ್ಡೆಲ್ಲ ಸೇನೆಗೆ ಹೋಗಲಿ, ಸತ್ತವರು, ಸೆರೆಸಿಕ್ಕವರು, ಬುಚಾ, ಮುತ್ತಿಗೆಯಲ್ಲಿ ನೆಲಸಮವಾಗುತ್ತಿದ್ದ ಮರಿಯುಪೋಲ್ ನಗರ ಇವು ವೇದಿಕೆಗೆ ಬರದಿರಲಿ.

ಜನ ಬಂದರು. ಆ ಬೇಸಿಗೆಯ ಜೋಕ್‌ಗಳೆಲ್ಲ ಶತ್ರುವಿನ ಮೇಲೆ. ಖೆರ್ಸೋನ್ ಪಕ್ಕದ ಚೊರ್ನೊಬಾಯಿವ್ಕಾ ವಿಮಾನ ನಿಲ್ದಾಣಕ್ಕೆ ರಷ್ಯನ್ನರು ಮತ್ತೆ ಮತ್ತೆ ಬಂದು ಮತ್ತೆ ಮತ್ತೆ ಏಟು ತಿಂದದ್ದು, ರೈತರು ಟ್ರ್ಯಾಕ್ಟರಿಗೆ ಕಟ್ಟಿ ಎಳೆದೊಯ್ದ ಟ್ಯಾಂಕ್, ಏಪ್ರಿಲ್ 14ರಂದು ಮುಳುಗಿದ ರಷ್ಯಾದ ಯುದ್ಧನೌಕೆ ‘ಮೊಸ್ಕ್ವಾ’. ಸಭೆ ಎದ್ದು ನಿಂತು ಕೂಗುತ್ತಿತ್ತು. ಹೆದರಿದ ಜನಕ್ಕೆ ಹೆದರಿಸಿದವನು ನಗೆಪಾಟಲಾಗುವುದನ್ನು ನೋಡುವ ಅಗತ್ಯವಿತ್ತು. ಆ ತಿಂಗಳುಗಳಲ್ಲಿ ಅದು ಔಷಧಿಯಂತೆಯೇ ಕೆಲಸ ಮಾಡಿತು.

ಆಗಸ್ಟ್ ಹೊತ್ತಿಗೆ ಒಂದು ಬದಲಾವಣೆ ಕಂಡಿತು. ಈ ಕ್ಲಬ್ಬಿನಲ್ಲಿ ಪ್ರತಿ ಸೆಟ್ಟಿನ, ಅಂದರೆ ಒಬ್ಬ ಹಾಸ್ಯಗಾರ ಒಮ್ಮೆ ನಿಂತು ಹೇಳುವ ಸರದಿಯ, ಧ್ವನಿಮುದ್ರಣ ಇಟ್ಟುಕೊಳ್ಳುವ ರೂಢಿ ಮೊದಲಿಂದಲೂ ಇದೆ. ಮಾರನೆಯ ದಿನ ಹಾಸ್ಯಗಾರ ಅದನ್ನು ಕೇಳಿಸಿಕೊಂಡು ಎಲ್ಲಿ ನಗು ಬಂತು, ಎಲ್ಲಿ ಬರಲಿಲ್ಲ ಎಂದು ಗುರುತು ಹಾಕುತ್ತಾನೆ. ಮುದ್ರಣಗಳಲ್ಲಿ ಸದ್ದು ಮೊದಲಿನಷ್ಟೇ ಜೋರಾಗಿತ್ತು, ಆದರೆ ಅದು ನಗುವಾಗಿರಲಿಲ್ಲ, ಚಪ್ಪಾಳೆಯಾಗಿತ್ತು. ನಗು ಪಂಚ್‌ಲೈನ್, ಅಂದರೆ ಜೋಕ್‌ನ ಕೊನೆಯ ಸಾಲು, ಮುಗಿದ ಕ್ಷಣಕ್ಕೆ, ಹಲವು ಸಲ ಅದಕ್ಕೂ ಅರ್ಧ ಪದ ಮೊದಲೇ ಸಿಡಿಯುತ್ತದೆ. ಚಪ್ಪಾಳೆ ತಡೆದು ಬರುತ್ತದೆ, ಸಭೆ ಯೋಚಿಸಿ ಒಪ್ಪಿಗೆ ಸೂಚಿಸಿದಾಗ ಬರುತ್ತದೆ. ಜನ ಹಾಸ್ಯಕ್ಕೆ ನಗುತ್ತಿರಲಿಲ್ಲ, ಅಭಿಪ್ರಾಯಕ್ಕೆ ತಲೆದೂಗುತ್ತಿದ್ದರು. ಯುದ್ಧಕಾಲದ ವೇದಿಕೆಯಲ್ಲಿ ಈ ವ್ಯತ್ಯಾಸವನ್ನು ಕಿವಿಯಿಂದ ಹಿಡಿಯಬಲ್ಲವರು ಬೇಕು. ಚಪ್ಪಾಳೆಯನ್ನೇ ಗೆಲುವೆಂದುಕೊಂಡ ಎಷ್ಟೋ ಸೆಟ್‌ಗಳು ಆ ವರ್ಷ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಆದವು.

ಭಾಷೆ ಬದಲಾದಾಗ

ದಾಳಿಯ ನಂತರ ಕೀವ್‌ನ ವೇದಿಕೆಗಳು ರಷ್ಯನ್ ಬಿಟ್ಟು ಯುಕ್ರೇನಿಯನ್‌ಗೆ ಹೊರಳಿದವು. ಖಾರ್ಕಿವ್‌ನ ಹಾಸ್ಯಗಾರನ ಬಳಿ ರಷ್ಯನ್‌ನಲ್ಲಿ ಪಳಗಿದ ನಲವತ್ತು ನಿಮಿಷದ ಸಾಮಗ್ರಿ ಇತ್ತು. ಮೊದಲು ಅದನ್ನೇ ಯುಕ್ರೇನಿಯನ್‌ಗೆ ತಿರುಗಿಸಿ ಹೇಳಿದ. ಸಾಲುಗಳು ಸರಿಯಾಗಿದ್ದವು, ನಗು ಬರಲಿಲ್ಲ. ಜೋಕ್‌ನಲ್ಲಿ ಗುಟ್ಟು ಬಿಡಿಸುವ ಪದ ಕೊನೆಯಲ್ಲೇ ಬೀಳಬೇಕು. ಭಾಷೆ ಬದಲಾದಾಗ ಅದು ಜಾಗ ಬಿಟ್ಟು ಸರಿದಿತ್ತು. ಬೈಗುಳದ ತೂಕ ಬದಲಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅವನ ಯುಕ್ರೇನಿಯನ್ ಶಾಲೆಯ ಪಾಠದಿಂದ ಮತ್ತು ಸರ್ಕಾರಿ ಅರ್ಜಿಗಳಿಂದ ಬಂದದ್ದು. ಅವನು ಹೆಂಡತಿಯ ಜೊತೆಗಿನ ಜಗಳವನ್ನು ಹೇಳಿದರೆ ಅದು ತಹಶೀಲ್ದಾರರ ನೋಟಿಸಿನಂತೆ ಕೇಳುತ್ತಿತ್ತು.

ನಿರ್ವಾಹಕಿ ಅವನನ್ನು ಎರಡು ತಿಂಗಳು ದೊಡ್ಡ ಪ್ರದರ್ಶನದಿಂದ ಇಳಿಸಿ ಓಪನ್ ಮೈಕ್‌ಗೆ ಕಳಿಸಿದಳು. ಹಳೆಯದರಲ್ಲಿ ಒಂದು ಸಾಲನ್ನೂ ಬಳಸಕೂಡದು, ಪ್ರತಿ ವಾರ ಹೊಸ ಐದು ನಿಮಿಷ ತರಬೇಕು ಎಂಬುದು ಷರತ್ತು. ಅವನಿಗೆ ಮೊದಲ ನಿಜವಾದ ನಗು ಸಿಕ್ಕಿದ್ದು ಔಷಧಿ ಅಂಗಡಿಯಲ್ಲಿ ತನ್ನ ನೋವನ್ನು ವಿವರಿಸಲು ಪದ ಸಿಗದೆ ಒದ್ದಾಡಿದ ಪ್ರಸಂಗದಿಂದ. ಸಭೆಯ ಅರ್ಧದಷ್ಟು ಜನ ಮನೆಯಲ್ಲಿ ಅದೇ ಒದ್ದಾಟದಲ್ಲಿದ್ದರು. ಹಿಂದೆ ಕೀವ್‌ನ ವೇದಿಕೆಗಳಲ್ಲಿ ಎರಡೂ ಭಾಷೆ ಬೆರೆತ ಸುರ್ಜಿಕ್ ಮಾತು ಹಳ್ಳಿ ಗಮಾರನನ್ನು ತೋರಿಸಲು ಬಳಕೆಯಾಗುತ್ತಿತ್ತು. ಈಗ ಅದು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುತ್ತಿರುವವರೆಲ್ಲರ ಮಾತಾಯಿತು. ಮೇಲಿನಿಂದ ಕೆಳಗೆ ನೋಡಿ ನಗುತ್ತಿದ್ದ ಹಾಸ್ಯ ಒಂದೇ ವರ್ಷದಲ್ಲಿ ಪಕ್ಕದಲ್ಲಿ ಕೂತು ನಗುವ ಹಾಸ್ಯವಾಯಿತು. ಸಮಾಜದಲ್ಲಿ ಆದ ಒಂದು ಪಲ್ಲಟವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಕಲೆ ಆ ಹೊತ್ತಿನ ಕೀವ್‌ನಲ್ಲಿ ಇರಲಿಲ್ಲ ಎಂದೇ ನಮ್ಮ ಅಭಿಪ್ರಾಯ.

ಕತ್ತಲ ಚಳಿಗಾಲದ ವ್ಯವಸ್ಥೆ

2022ರ ಅಕ್ಟೋಬರ್ 10ರಿಂದ ವಿದ್ಯುತ್ ಸ್ಥಾವರಗಳ ಮೇಲೆ ಕ್ಷಿಪಣಿ ದಾಳಿ ಶುರುವಾಯಿತು. ಗಂಟೆಗಟ್ಟಲೆ ಕರೆಂಟ್ ಇಲ್ಲ. ಇಲ್ಲಿ ಕ್ಲಬ್ ಕಲಿತದ್ದು ಲೆಕ್ಕ.

ಒಂದು ಸ್ಪೀಕರ್ ಸರಾಸರಿ 100 ವ್ಯಾಟ್, ಮಿಕ್ಸರ್ ಮತ್ತು ಮೈಕ್ ರಿಸೀವರ್ ಸೇರಿ 20, ಎರಡು ಎಲ್‌ಇಡಿ ದೀಪ 80. ಒಟ್ಟು 200 ವ್ಯಾಟ್. 1000 ವ್ಯಾಟ್-ಅವರ್‌ನ ಬ್ಯಾಟರಿ ಪೆಟ್ಟಿಗೆಯಲ್ಲಿ ಇನ್ವರ್ಟರ್ ನಷ್ಟ ಕಳೆದು ಸುಮಾರು 850 ಕೈಗೆ ಸಿಗುತ್ತದೆ, ಅಂದರೆ ನಾಲ್ಕು ಗಂಟೆ. ಎರಡೂವರೆ ಗಂಟೆಯ ಪ್ರದರ್ಶನಕ್ಕೆ ಧಾರಾಳ. ಕೆಟ್ಟದ್ದು ಎಲ್ಲೆಂದರೆ, ವಿರಾಮದಲ್ಲಿ ಯಾರೋ ಚಹಾಕ್ಕೆ ಎರಡು ಸಾವಿರ ವ್ಯಾಟ್‌ನ ಕೆಟಲ್ ಅದಕ್ಕೇ ಸಿಕ್ಕಿಸಿದಾಗ. ಆಮೇಲೆ ಆ ಪೆಟ್ಟಿಗೆಯ ಖಾಲಿ ಸಾಕೆಟ್‌ಗಳಿಗೆಲ್ಲ ಟೇಪ್ ಹಚ್ಚಿ, ಧ್ವನಿ ನೋಡಿಕೊಳ್ಳುವವನ ಕುರ್ಚಿಯ ಕೆಳಗಿಟ್ಟರು. ಪೆಟ್ರೋಲ್ ಜನರೇಟರ್ ಅಗ್ಗ, ಆದರೆ ನೆಲಮಾಳಿಗೆಯಲ್ಲಾಗಲಿ ಮೆಟ್ಟಿಲ ಬಾಯಲ್ಲಾಗಲಿ ಇಡುವಂತಿಲ್ಲ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಎಪ್ಪತ್ತು ಜನರ ಕೋಣೆಯಲ್ಲಿ ಅದು ಯಾರ ಗಮನಕ್ಕೂ ಬರದೆ ಕೊಲ್ಲುತ್ತದೆ. ಅಂಗಳದಲ್ಲಿಟ್ಟರೆ ಅದರ ಗುರುಗುಟ್ಟುವಿಕೆ ಬಾಗಿಲಿಂದ ಒಳಬಂದು ಹಾಸ್ಯಗಾರನ ಮೌನಗಳನ್ನೆಲ್ಲ ತಿನ್ನುತ್ತದೆ. ಮೌನವಿಲ್ಲದೆ ಪಂಚ್‌ಲೈನ್ ನಿಲ್ಲುವುದಿಲ್ಲ. ಹಾಗಾಗಿ ಜನರೇಟರನ್ನು ಬ್ಯಾಟರಿ ತುಂಬಲು ಮಾತ್ರ, ಹಗಲಲ್ಲಿ ಓಡಿಸಿದರು.

ಸೈರನ್ ವಿಷಯ ಇನ್ನೂ ಸೂಕ್ಷ್ಮ. ಕ್ಷಿಪಣಿ ಹೊತ್ತ ಮಿಗ್-31ಕೆ ವಿಮಾನ ರಷ್ಯಾದಲ್ಲಿ ಮೇಲೇರಿದರೆ ಇಡೀ ಯುಕ್ರೇನಿಗೆ ಎಚ್ಚರಿಕೆ ಬರುತ್ತದೆ. ಫೋನ್‌ನ ಆ್ಯಪ್ ಸೈಲೆಂಟ್‌ನಲ್ಲಿದ್ದರೂ ಕೂಗುತ್ತದೆ, ಎಪ್ಪತ್ತು ಫೋನ್ ಒಟ್ಟಿಗೆ ಕೂಗಿದರೆ ಏನಾಗಬಹುದೆಂದು ಊಹಿಸಬಹುದು. ಕ್ಲಬ್ ಒಂದು ಕ್ರಮ ಮಾಡಿಕೊಂಡಿತು. ಶುರುವಿನಲ್ಲೇ ಹೋಸ್ಟ್ ಹೇಳುತ್ತಾಳೆ: ನೀವು ಕೂತಿರುವುದೇ ಆಶ್ರಯತಾಣ, ಆ್ಯಪ್ ಸದ್ದು ಆರಿಸಿ, ಬಾಗಿಲ ಬಳಿ ಕೂತ ಒಬ್ಬರು ನಿಮ್ಮೆಲ್ಲರ ಪರವಾಗಿ ನೋಡುತ್ತಿರುತ್ತಾರೆ, ಎಚ್ಚರಿಕೆ ಬಂದರೆ ವೇದಿಕೆಯಿಂದಲೇ ತಿಳಿಸುತ್ತೇವೆ. ಒಬ್ಬರು ಕಾಯುತ್ತಿದ್ದಾರೆ ಎಂದು ತಿಳಿದ ಮೇಲೆಯೇ ಉಳಿದವರ ಹೆಗಲು ಸಡಿಲವಾಗುವುದು. ಪ್ರದರ್ಶನ ಸಂಜೆ ಆರೂವರೆಗೆ ಶುರುವಾಗಿ ಒಂಬತ್ತಕ್ಕೆ ಮುಗಿಯಬೇಕು. ರಾತ್ರಿಯ ಕರ್ಫ್ಯೂ ಒಂದೇ ಕಾರಣವಲ್ಲ, ಎಚ್ಚರಿಕೆಯ ಹೊತ್ತಲ್ಲಿ ನೀಪ್ರೋ ನದಿಯ ಸೇತುವೆ ದಾಟುವ ಮೆಟ್ರೋ ನಿಲ್ಲುತ್ತದೆ. ಎಡದಂಡೆಯಲ್ಲಿ ಮನೆಯಿರುವವರು ಸಿಕ್ಕಿಬೀಳುತ್ತಾರೆ.

ಆ ಚಳಿಗಾಲ ಹಾಸ್ಯಕ್ಕೆ ಒಳ್ಳೆಯ ಫಸಲು ಕೊಟ್ಟಿತು. ನವೆಂಬರ್‌ನಲ್ಲಿ ಕೀವ್‌ನ ಬಹುಮಹಡಿ ಕಟ್ಟಡಗಳ ಲಿಫ್ಟ್‌ಗಳಲ್ಲಿ ನಿವಾಸಿಗಳೇ ಪೆಟ್ಟಿಗೆ ಇಡತೊಡಗಿದರು: ನೀರಿನ ಬಾಟಲಿ, ಬಿಸ್ಕತ್ತು, ಟಾರ್ಚ್. ನಡುವೆ ಕರೆಂಟ್ ಹೋಗಿ ಸಿಕ್ಕಿಬಿದ್ದವರಿಗೆ. ಪೆಟ್ಟಿಗೆಯಲ್ಲಿ ಯಾವ ಬಿಸ್ಕತ್ತು ಇದೆ ಎಂಬುದರಿಂದ ಯಾವ ಮಹಡಿಯವರು ಇಟ್ಟದ್ದು ಎಂದು ಪತ್ತೆಹಚ್ಚುವ ಒಂದು ಸೆಟ್ ಆ ಕ್ಲಬ್ಬಿನಲ್ಲಿ ಬೆಳೆಯಿತು. ಶತ್ರುವಿನ ಹೆಸರೇ ಇಲ್ಲದ ಆ ಸೆಟ್‌ಗೆ ಬಂದದ್ದು ಚಪ್ಪಾಳೆಯಲ್ಲ, ನಗು. ಜನ ತಮ್ಮನ್ನು ತಾವು ನೋಡಿಕೊಳ್ಳಲು ಸಿದ್ಧರಾಗಿದ್ದರು.

ಇದೇ ಹೊತ್ತಿಗೆ ಕ್ರೌಡ್ ವರ್ಕ್, ಅಂದರೆ ಸಭಿಕರನ್ನು ಮಾತಾಡಿಸಿ ಹಾಸ್ಯ ಹುಟ್ಟಿಸುವುದು, ಅಪಾಯದ ಕೆಲಸವಾಯಿತು. ಎಲ್ಲೆಲ್ಲೂ ಹೋಸ್ಟ್‌ಗಳು ಕೇಳುವ ಪ್ರಶ್ನೆ ಮೂರೇ: ಯಾವ ಊರು, ಏನು ಕೆಲಸ, ಇಬ್ಬರೂ ಜೋಡಿಯೇ? ಊರು ಕೇಳಿದರೆ ‘ಮರಿಯುಪೋಲ್’ ಎಂಬ ಉತ್ತರ ಬರಬಹುದು. ಒಬ್ಬಳೇ ಕೂತ ಹೆಂಗಸಿಗೆ ಗಂಡ ಎಲ್ಲಿ ಎಂದು ಕೇಳಿದರೆ ಇಡೀ ಸಂಜೆ ಮುಗಿದಂತೆ. ಆ ಪ್ರಶ್ನೆಗಳನ್ನು ಕೈಬಿಟ್ಟು, ಇವತ್ತಿಗೆ ಸಂಬಂಧಿಸಿದವನ್ನಷ್ಟೇ ಉಳಿಸಿಕೊಂಡರು: ಇಲ್ಲಿಗೆ ಹೇಗೆ ಬಂದಿರಿ, ಬೆಳಿಗ್ಗೆ ಏನು ತಿಂದಿರಿ, ನಿಮ್ಮ ಬ್ಯಾಟರಿ ಎಷ್ಟಿದೆ? ಉತ್ತರದಲ್ಲಿ ದುಃಖ ಬಂದೇಬಿಟ್ಟರೆ ಅದರ ಮೇಲೆ ಜೋಕ್ ಕಟ್ಟಬಾರದು, ವಿಷಯ ಹಾರಿಸಲೂಬಾರದು. ಹೆಸರು ಹಿಡಿದು ಒಂದು ವಾಕ್ಯದಲ್ಲಿ ಧನ್ಯವಾದ ಹೇಳಿ, ಒಂದು ಉಸಿರು ಬಿಟ್ಟು, ತನ್ನ ಬಗ್ಗೆಯೇ ಒಂದು ಮಾತಿನಿಂದ ಮುಂದುವರಿಯಬೇಕು.

ಸಮಸ್ಯೆ: ಒಂದೇ ಕೋಣೆ, ಎರಡು ದೇಶ

2023ರ ಬೇಸಿಗೆಯ ಪ್ರತಿದಾಳಿಯ ಮೇಲೆ ಇಟ್ಟ ಆಸೆ ಫಲಿಸಲಿಲ್ಲ. ಯುದ್ಧ ಬೇಗ ಮುಗಿಯದೆಂದು ಎಲ್ಲರಿಗೂ ತಿಳಿಯಿತು. ಸೇನೆಗೆ ಜನ ಬೇಕಿತ್ತು. 18ರಿಂದ 60 ವಯಸ್ಸಿನ ಗಂಡಸರು ದೇಶ ಬಿಡುವಂತಿರಲಿಲ್ಲ. ಟಿಸಿಕೆ ಎಂದು ಕರೆಯುವ ಸೇನಾ ಭರ್ತಿ ಕೇಂದ್ರಗಳ ಸಿಬ್ಬಂದಿ ಬೀದಿಯಲ್ಲಿ ದಾಖಲೆ ಕೇಳತೊಡಗಿದರು. ಲಂಚದ ಹಗರಣಗಳ ನಂತರ ಆಗಸ್ಟ್‌ನಲ್ಲಿ ಅಧ್ಯಕ್ಷರು ಎಲ್ಲ ಪ್ರಾಂತಗಳ ಭರ್ತಿ ಮುಖ್ಯಸ್ಥರನ್ನು ವಜಾ ಮಾಡಿದರು. ನಗರಗಳಲ್ಲಿ ಭರ್ತಿಯವರು ಎಲ್ಲಿದ್ದಾರೆಂದು ತಿಳಿಸುವ ಟೆಲಿಗ್ರಾಂ ಗುಂಪುಗಳು ಹವಾಮಾನ ವರದಿಯ ವೇಷದಲ್ಲಿ ನಡೆಯುತ್ತಿದ್ದವು. ಇಂಥ ಮೆಟ್ರೋ ನಿಲ್ದಾಣದಲ್ಲಿ ‘ಮೋಡ’, ಇಂಥ ಮಾರುಕಟ್ಟೆಯಲ್ಲಿ ‘ಮಳೆ’.

ಖಾರ್ಕಿವ್‌ನ ಹಾಸ್ಯಗಾರ ಅದರ ಮೇಲೆ ಹನ್ನೆರಡು ನಿಮಿಷದ ಸೆಟ್ ಕಟ್ಟಿದ. ಬಿಸಿಲಲ್ಲಿ ಕೊಡೆ ಹಿಡಿದು ಮನೆಯಲ್ಲೇ ಕೂತ ಗಂಡಸರು, ಬಾಗಿಲು ತಟ್ಟುವ ಡೆಲಿವರಿ ಹುಡುಗ, ಆ ಹುಡುಗನಿಗೂ ಅದೇ ಭಯ. ಕ್ಲಬ್ಬಿನ ಮುದ್ರಣಗಳಲ್ಲಿ ಅಷ್ಟು ದೊಡ್ಡ ನಗು ಬೇರೆಲ್ಲೂ ಇಲ್ಲ. ಆದರೆ ಆ ನಗುವಿನಲ್ಲಿ ಒಂದು ಒಡಕಿತ್ತು. ಎರಡನೇ ಸಾಲಿನಲ್ಲಿ ರಜೆಯ ಮೇಲೆ ಬಂದ ಸೈನಿಕನೊಬ್ಬ ಹೆಂಡತಿಯ ಜೊತೆ ಕೂತಿದ್ದ. ಸೆಟ್ ಅರ್ಧಕ್ಕೆ ಬಂದಾಗ ಎದ್ದು, ಸದ್ದು ಮಾಡದೆ, 18 ಮೆಟ್ಟಿಲು ಹತ್ತಿ ಹೋದ. ಹೆಂಡತಿ ಒಂದು ನಿಮಿಷ ಕೂತಿದ್ದು ಹಿಂದೆಯೇ ಹೋದಳು. ಸಭೆ ಅದನ್ನು ನೋಡಿತು. ಉಳಿದ ಐದು ನಿಮಿಷ ಹಾಸ್ಯಗಾರ ಮಾತಾಡಿದ್ದು ಖಾಲಿ ಕೋಣೆಗೆ ಮಾತಾಡಿದಂತಿತ್ತು.

ಇದನ್ನು ಒಂದು ಅಹಿತಕರ ಸಂಜೆ ಎಂದು ಬಿಟ್ಟುಬಿಡಬಹುದಿತ್ತು. ಎಷ್ಟೋ ಕಡೆ ಹಾಗೆಯೇ ಬಿಟ್ಟರು. ನಿರ್ವಾಹಕಿ ಬಿಡಲಿಲ್ಲ. ಅವಳಿಗೆ ಕಂಡದ್ದು ಇದು: ಒಂದೂವರೆ ವರ್ಷದಿಂದ ಈ ಕೋಣೆ ‘ನಾವು’ ಮತ್ತು ‘ಅವರು’ ಎಂದು ನಗುತ್ತಿತ್ತು, ಈಗ ‘ನಾವು’ ಎಂಬುದೇ ಎರಡಾಗಿದೆ. ಕಂದಕದಲ್ಲಿದ್ದು ಬಂದವನು, ಕಂದಕಕ್ಕೆ ಹೋಗಲು ಹೆದರುವವನು ಇಬ್ಬರೂ ಅದೇ 300 ಹ್ರಿವ್ನಿಯಾ ಕೊಟ್ಟಿದ್ದಾರೆ.

ಪ್ರಯತ್ನಗಳು

ಮೊದಲ ದಾರಿ ನಿಷೇಧ. ಭರ್ತಿಯ ಮಾತೇ ವೇದಿಕೆಗೆ ಬೇಡ ಎಂದರು. ಶಾಂತಿ ಬಂತು, ಜೀವ ಹೋಯಿತು. ಹೊರಗೆ ಮೆಟ್ರೋದಲ್ಲಿ, ಅಡುಗೆಮನೆಯಲ್ಲಿ ಜನ ಮಾತಾಡುತ್ತಿದ್ದುದೇ ಆ ವಿಷಯ. ಅದೊಂದನ್ನು ಬಿಟ್ಟು ಬೆಕ್ಕು, ಅತ್ತೆ, ಡೇಟಿಂಗ್ ಎಂದು ಹೇಳುವ ಸೆಟ್‌ಗಳಿಗೆ ಸಭೆ ಮರ್ಯಾದೆಯಿಂದ ನಕ್ಕಿತು. ಮರ್ಯಾದೆಯ ನಗು ಮುದ್ರಣದಲ್ಲಿ ತಕ್ಷಣ ಗೊತ್ತಾಗುತ್ತದೆ, ಅದು ಎಲ್ಲರಿಂದ ಒಂದೇ ಅಳತೆಯಲ್ಲಿ ಬಂದು ಒಂದೇ ಹೊತ್ತಿಗೆ ನಿಲ್ಲುತ್ತದೆ.

ಎರಡನೆಯದು, ಯುದ್ಧದ ಬಗ್ಗೆ ಸೈನಿಕರೇ ಮಾತಾಡಲಿ ಎಂಬುದು. ಗಾಯಗೊಂಡು ಸೇವೆಯಿಂದ ಬಿಡುಗಡೆಯಾದ ಆರು ಜನರಿಗೆ ಎಂಟು ವಾರದ ಬರವಣಿಗೆ ತರಬೇತಿ ನಡೆಸಿದರು. ಮೊದಲ ಎರಡು ವಾರ ಜೋಕ್ ಬರೆಯಿಸಲಿಲ್ಲ. ದಿನಕ್ಕೆ ಒಂದು ಸಿಟ್ಟು ತರಿಸಿದ ಸಂಗತಿಯನ್ನು ಮೂರು ಸಾಲಲ್ಲಿ ಬರೆದು ತರುವುದಷ್ಟೇ ಕೆಲಸ. ಮೂರನೇ ವಾರದಿಂದ ಆ ಸಾಲುಗಳಲ್ಲಿ ಅಸಂಬದ್ಧ ಎಲ್ಲಿದೆ ಎಂದು ಹುಡುಕಿದರು. ಅವರಲ್ಲಿ ಕಾಲು ಕಳೆದುಕೊಂಡ ಒಬ್ಬ, ಅವನೇ ನಮ್ಮ ಮೂರನೆಯ ಪಾತ್ರವಾದ ಮಾಜಿ ಸೈನಿಕ, ತಂದ ಸಾಮಗ್ರಿಯಲ್ಲಿ ಮದ್ದುಗುಂಡಿನ ಸದ್ದೇ ಇರಲಿಲ್ಲ. ಇದ್ದದ್ದು ಅಂಗವೈಕಲ್ಯ ಪ್ರಮಾಣಪತ್ರದ ವೈದ್ಯಕೀಯ ಸಮಿತಿ, ಅಲ್ಲಿ ಕಾಲು ಮತ್ತೆ ಬೆಳೆದಿಲ್ಲವೆಂದು ಮರಳಿ ಮರಳಿ ಸಾಬೀತು ಮಾಡಬೇಕಾದ ಫಜೀತಿ, ಸಾಲಿನಲ್ಲಿ ಅವನ ಮುಂದೆ ಕಾಲೆರಡೂ ಗಟ್ಟಿಯಿದ್ದು ಕಾಗದವೂ ಗಟ್ಟಿಯಿದ್ದವರು. ಆ ಸಮಿತಿಗಳ ಭ್ರಷ್ಟಾಚಾರ 2024ರ ಅಕ್ಟೋಬರ್‌ನಲ್ಲಿ ದೇಶವ್ಯಾಪಿ ಹಗರಣವಾಗಿ, ಇಡೀ ವ್ಯವಸ್ಥೆಯನ್ನು ವರ್ಷಾಂತ್ಯಕ್ಕೆ ರದ್ದುಮಾಡಬೇಕಾಯಿತು. ಆ ಸಿಟ್ಟು ಅದಕ್ಕೂ ಮುಂಚೆಯೇ ನೆಲಮಾಳಿಗೆಯ ಮೈಕಿನಲ್ಲಿ ಕೇಳಿತ್ತು.

ವೇದಿಕೆಯ ಮೇಲೆ ಮೊದಲ ಸಲ ಇವರು ನಿಂತಾಗ ಸಭೆ ಹೆಪ್ಪುಗಟ್ಟಿತು. ಕೃತಕ ಕಾಲಿನವನನ್ನು ನೋಡಿ ನಗುವುದು ಪಾಪ ಎಂದು ಜನ ಬಾಯಿಗೆ ಕೈ ಇಟ್ಟುಕೊಂಡರು. ಕಂಡುಕೊಂಡ ಪರಿಹಾರವೆಂದರೆ, ಮೊದಲ ಮೂವತ್ತು ಸೆಕೆಂಡಿನ ಒಳಗೆ ಸೈನಿಕನೇ ತನ್ನ ಗಾಯವನ್ನು ಹೆಸರಿಸಿ, ಅದರ ಮೇಲೆ ಸುಲಭವಾದ ಒಂದು ಜೋಕ್ ಹೇಳಿಬಿಡುವುದು. ಆಮೇಲೆ ಹತ್ತು ನಿಮಿಷ ಅದರ ಸುದ್ದಿ ಎತ್ತುವುದಿಲ್ಲ. ಅಪ್ಪಣೆ ಸಿಕ್ಕಿತೆಂದು ಸಭೆಗೆ ಗೊತ್ತಾಗುತ್ತದೆ. ಸಣ್ಣ ಸಿದ್ಧತೆಗಳೂ ಇದ್ದವು. ಸೈನಿಕರಿಗೆ ಬಾಗಿಲ ಬಳಿಯ ಕುರ್ಚಿ, ಮಿನುಗುವ ದೀಪ ಬೇಡ, ಬಲೂನು ಬೇಡ, ಮಡಚುವ ಕುರ್ಚಿಗಳನ್ನು ಪ್ರದರ್ಶನದ ನಡುವೆ ಎತ್ತುವಂತಿಲ್ಲ, ಏಕೆಂದರೆ ಕಬ್ಬಿಣ ಕಲ್ಲಿಗೆ ಬಿದ್ದ ಸದ್ದು ಗುಂಡಿನ ಸದ್ದೇ. ಒಂದೇ ಕೈಯವನಿಗೆ ಮೈಕ್ ಸ್ಟ್ಯಾಂಡಿನ ಎತ್ತರ ಮೊದಲೇ ಹೊಂದಿಸಿ ಬಿಗಿ ಮಾಡಿರಬೇಕು.

ಆಗ ಎದುರಾದದ್ದು ಮೆಟ್ಟಿಲಿನ ಪ್ರಶ್ನೆ. ಗಾಲಿಕುರ್ಚಿಯವನು 18 ಮೆಟ್ಟಿಲು ಇಳಿಯುವುದು ಹೇಗೆ? ಹೊತ್ತು ಇಳಿಸುತ್ತೇವೆ ಎಂದರೆ ಅವನು ಬರುವುದಿಲ್ಲ, ಬರಬಾರದು ಕೂಡ. ನೆಲಮಟ್ಟದ ಸಭಾಂಗಣ ಹಿಡಿದರೆ ಅದು ಆಶ್ರಯತಾಣವಲ್ಲ, ಸೈರನ್ ಆದರೆ ನಿಲ್ಲಿಸಿ ಎಲ್ಲರನ್ನೂ ಬೇರೆಡೆಗೆ ಕಳಿಸಬೇಕು. ಲಿಫ್ಟ್ ಇರುವ ನೆಲಮಾಳಿಗೆ ಹುಡುಕಿದರೆ ಕರೆಂಟ್ ಹೋದಾಗ ಲಿಫ್ಟ್ ನಿಲ್ಲುತ್ತದೆ. ಮೂರರಲ್ಲಿ ಯಾವುದೂ ಸರಿಯಿಲ್ಲ. ಕೊನೆಗೆ ಪ್ರತಿ ನಾಲ್ಕನೆಯ ಪ್ರದರ್ಶನ ಭಾನುವಾರ ಮಧ್ಯಾಹ್ನ ನೆಲಮಟ್ಟದ ಸಭಾಂಗಣದಲ್ಲಿ, ಪಕ್ಕದ ಕಟ್ಟಡದ ಇಳಿಜಾರಿರುವ ಭೂಗತ ಪಾರ್ಕಿಂಗ್ ಆಶ್ರಯವಾಗಿ ಬಳಸುವ ಒಪ್ಪಂದದೊಂದಿಗೆ ಎಂದಾಯಿತು. ಎಚ್ಚರಿಕೆ ಒಂದು ಗಂಟೆ ಮೀರಿದರೆ ಟಿಕೆಟ್ ಮುಂದಿನ ತಿಂಗಳಿಗೆ ವರ್ಗ. ಅನುಕೂಲಕರವಾದ ಏರ್ಪಾಡೇನಲ್ಲ. ಆದರೆ ಗಾಯಗೊಂಡ ಸೈನಿಕರ ಬಗ್ಗೆ ಮಾತಾಡುತ್ತ ಅವರು ಒಳಬರಲಾಗದ ಕೋಣೆಯಲ್ಲಿ ಕೂರುವುದಕ್ಕಿಂತ ಇದೇ ಮೇಲು.

ತಿರುವು: ಯಾರು ಮೊದಲು?

ಸೈನಿಕರ ಸಂಜೆ ಒಂದು ಕಡೆ, ಉಳಿದವರ ಸಂಜೆ ಇನ್ನೊಂದು ಕಡೆ ಎಂದಾದರೆ ಒಡಕು ಕ್ಯಾಲೆಂಡರಿಗೂ ಬಂದಂತಾಯಿತು. 2024ರ ವಸಂತದಲ್ಲಿ ಈ ಪ್ರಶ್ನೆ ಬಿಸಿಯಾಯಿತು. ಏಪ್ರಿಲ್‌ನಲ್ಲಿ ಭರ್ತಿಯ ಕನಿಷ್ಠ ವಯಸ್ಸು 27ರಿಂದ 25ಕ್ಕೆ ಇಳಿಯಿತು. ಮೇ 18ರಿಂದ ಹೊಸ ಕಾನೂನು ಜಾರಿಗೆ ಬಂದು, ಗಂಡಸರೆಲ್ಲ 60 ದಿನದೊಳಗೆ ತಮ್ಮ ವಿವರ ನವೀಕರಿಸಬೇಕಾಯಿತು. ಅದಕ್ಕೊಂದು ಆ್ಯಪ್ ಬಂತು, ರೆಜೆರ್ವ್ ಪ್ಲಸ್. ಸಭೆಯಲ್ಲಿದ್ದ ಪ್ರತಿ ಗಂಡಸಿನ ಜೇಬಿನಲ್ಲೂ ಆ ನಿರ್ಧಾರ ಕೂತಿತ್ತು.

ಖಾರ್ಕಿವ್‌ನ ಹಾಸ್ಯಗಾರ ಹಳೆಯ ಸೆಟ್ಟನ್ನು ಬಿಚ್ಚಿ ಮತ್ತೆ ಕಟ್ಟಿದ. ಭರ್ತಿ ಸಿಬ್ಬಂದಿಯನ್ನು ಅಣಕಿಸುವ ಭಾಗ ಪೂರ್ತಿ ಹೋಯಿತು. ಆ ಸಿಬ್ಬಂದಿಯಲ್ಲಿ ಮುಂಚೂಣಿಯಲ್ಲಿ ಗಾಯಗೊಂಡು ಬಂದವರೂ ಇದ್ದಾರೆ. ಗುರಿ ಈಗ ಅವನ ಸ್ವಂತ ಭಯ: ವಿವರ ನವೀಕರಿಸುವ ಬಟನ್ ಮೇಲೆ ಹೆಬ್ಬೆರಳು ಇಟ್ಟು ಕೂತ ರಾತ್ರಿ, ಶೌರ್ಯದ ಪೋಸ್ಟ್‌ಗಳನ್ನು ಹಂಚುತ್ತ ಕಿಟಕಿಯ ಪರದೆ ಸರಿಸಿ ನೋಡುವ ಅಭ್ಯಾಸ. ಸೆಟ್ಟಿನ ಮೊದಲ ನಿಮಿಷದಲ್ಲೇ ತಾನು ವಿವರ ಕೊಟ್ಟಿದ್ದೇನೆ, ಕರೆ ಬಂದರೆ ಹೋಗಬೇಕು, ಹೆದರಿಕೆಯಿದೆ ಎಂದು ಹೇಳಿಬಿಡುತ್ತಿದ್ದ. ತನ್ನ ಸ್ಥಿತಿ ಏನೆಂದು ಮುಚ್ಚಿಟ್ಟು ಈ ವಿಷಯ ಮಾತಾಡುವವರನ್ನು ಆ ಹೊತ್ತಿನ ಸಭೆ ನಂಬುತ್ತಿರಲಿಲ್ಲ.

ಅವನನ್ನೂ ಮಾಜಿ ಸೈನಿಕನನ್ನೂ ಒಂದೇ ಸಂಜೆ ನಿಲ್ಲಿಸಿದರು. ಮೊದಲ ಸಲ ಹಾಸ್ಯಗಾರ ಮುಂಚೆ, ಸೈನಿಕ ಆಮೇಲೆ. ಹೆಚ್ಚಿನ ತೂಕದವನು ಕೊನೆಗೆ ಬರಬೇಕೆಂಬ ವೇದಿಕೆಯ ಸಾಮಾನ್ಯ ನಿಯಮದಂತೆ. ಅದು ಕೆಟ್ಟಿತು. ಭಯದ ಸೆಟ್ಟಿಗೆ ಬಿಗುವಾಗಿ ನಕ್ಕ ಸಭೆ, ಸೈನಿಕ ಬಂದಾಗ ಆ ನಗುವಿಗೇ ನಾಚಿಕೊಂಡು ಮುದುಡಿತು. ಎರಡನೇ ಸಲ ಕ್ರಮ ತಿರುಗಿಸಿದರು. ಮೊದಲು ಸೈನಿಕ ಬಂದು ಹೆದರಿಕೆಯ ಬಗ್ಗೆ ಮಾತಾಡಿದ. ತಾನು ಹೆದರಿದ್ದು, ಶೌಚಕ್ಕೆ ಎದ್ದು ಹೋಗಲೂ ಹೆದರಿದ್ದು, ತನ್ನ ತುಕಡಿಯಲ್ಲಿ ಹೆದರದವನು ಒಬ್ಬನೇ, ಅವನ ಜೊತೆ ಯಾರೂ ಕೂರುತ್ತಿರಲಿಲ್ಲ. ಭಯ ಎರಡೂ ಕಡೆಯವರ ಸೊತ್ತಾಯಿತು. ಅದರ ಬೆನ್ನಿಗೆ ಬಂದ ಹಾಸ್ಯಗಾರನ ಸೆಟ್ಟಿಗೆ ಮೊದಲು ನಕ್ಕದ್ದು ಬಾಗಿಲ ಬಳಿ ಕೂತ ಸೈನಿಕರು. ಅವರು ನಕ್ಕ ಮೇಲೆ ಉಳಿದವರು ನಕ್ಕರು. ಮುದ್ರಣದಲ್ಲಿ ಆ ಕ್ರಮ ಸ್ಪಷ್ಟವಾಗಿ ಕೇಳುತ್ತದೆ, ಬಾಗಿಲ ಕಡೆಯಿಂದ ಶುರುವಾಗಿ ಕೋಣೆಯ ಒಳಕ್ಕೆ ಹರಿಯುವ ನಗು.

ಹಣಸಂಗ್ರಹವೂ ಇದೇ ಸಂಜೆಗಳಲ್ಲಿ ಚುರುಕಾಯಿತು. ಕ್ಯೂಆರ್ ಕೋಡ್ ಇಟ್ಟು ಸುಮ್ಮನೆ ಸೇನೆಗೆ ಕೊಡಿ ಎಂದರೆ ಎರಡು ವರ್ಷದಿಂದ ಕೊಟ್ಟು ದಣಿದವರ ಕೈ ಏಳುವುದಿಲ್ಲ. ಸುಮಾರು 15ರಿಂದ 20 ಸಾವಿರ ಹ್ರಿವ್ನಿಯಾದ ಒಂದು ಎಫ್‌ಪಿವಿ ಡ್ರೋನ್ (ಅದರ ಕ್ಯಾಮೆರಾ ಕಂಡಂತೆ ನೋಡುತ್ತ ಹಾರಿಸುವ ಚಿಕ್ಕ ಡ್ರೋನ್) ಎಂದು ಗುರಿ ಚಿಕ್ಕದಾಗಿಸಿ, ಕೊನೆಯ ಹಾಸ್ಯಗಾರನಿಗಿಂತ ಮುಂಚೆ ಪರದೆಯಲ್ಲಿ ಮೊತ್ತ ಏರುವುದು ಕಾಣುವಂತೆ ಮಾಡಿದರೆ ಅದೇ ಸಂಜೆ ತುಂಬುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಇಟ್ಟರೆ ಜನ ಮೆಟ್ರೋ ಹಿಡಿಯಲು ಎದ್ದಿರುತ್ತಾರೆ.

ಕ್ಲಿಪ್ ಹಾಕುವುದೇ, ಬೇಡವೇ?

ಸೆಟ್ ಚೆನ್ನಾಗಿ ಬಂದರೆ ಯೂಟ್ಯೂಬಿಗೆ ಹಾಕುವುದು ಈ ಕಸುಬಿನ ಸಹಜ ಮುಂದಿನ ಹೆಜ್ಜೆ. ಭರ್ತಿಯ ಸೆಟ್ಟನ್ನು ಕ್ಲಬ್ ಹಾಕಲಿಲ್ಲ. ಕೋಣೆಯಲ್ಲಿ ಸೈನಿಕನ ಮಾತಿನ ಬೆನ್ನಿಗೆ ಬಂದ ಸಾಲು, ನಲವತ್ತು ಸೆಕೆಂಡಿನ ತುಂಡಾಗಿ ಒಂಟಿಯಾಗಿ ಓಡಾಡಿದರೆ ಯುಕ್ರೇನಿಯನ್ನರು ಕಾದಾಡಲು ಒಲ್ಲರು ಎಂಬ ರಷ್ಯಾದ ಪ್ರಚಾರಕ್ಕೆ ಸಾಮಗ್ರಿಯಾಗುತ್ತದೆ. ಹಾಸ್ಯಗಾರ ಮೊದಲು ವಿರೋಧಿಸಿದ, ಅದು ಅವನ ಎರಡು ವರ್ಷದ ಅತ್ಯುತ್ತಮ ಕೆಲಸ. ಇದನ್ನು ಸೆನ್ಸಾರ್ ಎನ್ನುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಆ ಸೆಟ್ಟಿನ ಅರ್ಧ ಭಾಗ ಅದರ ಕೋಣೆಯೇ ಆಗಿತ್ತು, ಕೋಣೆಯನ್ನು ಅಪ್‌ಲೋಡ್ ಮಾಡಲು ಬರುವುದಿಲ್ಲ. ಉಳಿದ ಸೆಟ್‌ಗಳಿಗೆ ನಿಯಮ ಸರಳ: ಸಭೆಯಲ್ಲಿರುವ ಸೈನಿಕರ ಮುಖ, ತುಕಡಿ, ಜಾಗ ಕಾಣಬಾರದು, ನೇರಪ್ರಸಾರ ಇಲ್ಲ. ಸೇನೆಯ ನೆಲೆ, ಚಲನೆ ಬಹಿರಂಗಪಡಿಸುವುದು 2022ರ ಮಾರ್ಚ್‌ನಿಂದ ಶಿಕ್ಷಾರ್ಹ ಅಪರಾಧ ಕೂಡ.

ಪರೀಕ್ಷೆ ಮತ್ತು ಫಲ

2024ರ ಜುಲೈ 8ರಂದು ಕೀವ್‌ನ ಓಖ್ಮತ್ದಿತ್ ಮಕ್ಕಳ ಆಸ್ಪತ್ರೆಗೆ ಕ್ಷಿಪಣಿ ಬಡಿಯಿತು. ಮಾರನೆಯ ದಿನ ನಗರ ಶೋಕಾಚರಣೆ. ಕ್ಲಬ್ ಆ ವಾರದ ಪ್ರದರ್ಶನಗಳನ್ನೆಲ್ಲ ನಿಲ್ಲಿಸಿ ಟಿಕೆಟ್ ಹಣ ಹಿಂದಿರುಗಿಸುವುದಾಗಿ ಹೇಳಿತು. ಬಹಳ ಜನ ಹಣ ಆಸ್ಪತ್ರೆಗೆ ಹೋಗಲಿ ಎಂದರು. ಮತ್ತೆ ತೆರೆದ ಮೊದಲ ಸಂಜೆ ಹೋಸ್ಟ್ ಘಟನೆಯನ್ನು ಎರಡು ವಾಕ್ಯದಲ್ಲಿ ಹೇಳಿದಳು, ಹಾಸ್ಯಕ್ಕೆ ಸಮರ್ಥನೆ ಕೊಡಲಿಲ್ಲ. ನಗುವೇ ನಮ್ಮ ಅಸ್ತ್ರ ಎಂಬ ಥರದ ಮಾತು 2022ರಲ್ಲಿ ನಿಂತಿತ್ತು, ಈಗ ಅದು ಟೊಳ್ಳು ಎಂದು ಅವಳಿಗೆ ಗೊತ್ತಿತ್ತು. ಆ ಸಂಜೆಯ ಪಟ್ಟಿಯಿಂದ ಭರ್ತಿಯ ಸೆಟ್, ಮಕ್ಕಳ ಕುರಿತ ಸೆಟ್ ಎರಡನ್ನೂ ತೆಗೆದಿದ್ದಳು. ವಿಷಯ ನಿಷಿದ್ಧ ಎಂದಲ್ಲ, ಆ ವಾರಕ್ಕೆ ಅಲ್ಲ ಎಂದು. ನಿಷೇಧಕ್ಕೂ ಮುಂದೂಡಿಕೆಗೂ ಇರುವ ಈ ಅಂತರವನ್ನು ಹಾಸ್ಯಗಾರರು ಸಲೀಸಾಗಿ ಒಪ್ಪಿಕೊಂಡರು, ಏಕೆಂದರೆ ಒಂದು ವರ್ಷ ಹಿಂದಿನ ನಿಷೇಧದ ರುಚಿ ಅವರಿಗೆ ನೆನಪಿತ್ತು.

ಅಧ್ಯಕ್ಷರ ಮೇಲಿನ ಜೋಕ್‌ಗಳು ಈ ಹೊತ್ತಿಗೆ ವೇದಿಕೆಗೆ ಮರಳಿದ್ದವು. ಅವಕ್ಕೆ ಯಾರೂ ಎದ್ದು ಹೋಗಲಿಲ್ಲ. ಈ ಸಮಾಜದಲ್ಲಿ ಕಷ್ಟವಾದದ್ದು ಅಧಿಕಾರವನ್ನು ಗೇಲಿ ಮಾಡುವುದಲ್ಲ, ಪಕ್ಕದ ಕುರ್ಚಿಯವನನ್ನು ನೋಡುವುದು. ಬೇರೆಯವರು ಇದರಿಂದ ಕಲಿಯಬೇಕಾದ್ದೂ ಅದೇ ಜಾಗದಲ್ಲಿದೆ. ವಿಷಯಗಳ ಪಟ್ಟಿ ಮಾಡಿ ಇದು ಸರಿ ಇದು ತಪ್ಪು ಎಂದು ಗೆರೆ ಎಳೆದಾಗ ಈ ಕ್ಲಬ್ ಸೋತಿತು. ಯಾರು ಹೇಳುತ್ತಿದ್ದಾರೆ, ಅವರಿಗಿಂತ ಮುಂಚೆ ಯಾರು ಹೇಳಿದರು, ಕೋಣೆಯೊಳಗೆ ಬರಲು ಯಾರಿಗೆ ಸಾಧ್ಯವಾಯಿತು ಎಂದು ಕೇಳಿಕೊಂಡಾಗ ಗೆದ್ದಿತು.

ಖಾರ್ಕಿವ್‌ನ ಹಾಸ್ಯಗಾರನಿಗೆ ಆ ವರ್ಷದ ಶರತ್ಕಾಲದಲ್ಲಿ ಕರೆ ಬಂತು, ಹೋದ. ಅವನ ಸೆಟ್ಟನ್ನು ಬೇರೆಯವರು ಹೇಳಬಹುದೇ ಎಂದು ಇಬ್ಬರು ಕಿರಿಯರು ಕೇಳಿದರು. ನಿರ್ವಾಹಕಿ ಒಪ್ಪಲಿಲ್ಲ. ಓಪನ್ ಮೈಕ್ ಪಟ್ಟಿಯಲ್ಲಿ ಈಗ ಹೆಂಗಸರೇ ಹೆಚ್ಚು. ಅವರಲ್ಲೊಬ್ಬಳು ತಿಂಗಳುಗಟ್ಟಲೆ ಮನೆ ಬಿಟ್ಟು ಹೊರಬರದ ಗಂಡನ ಬಗ್ಗೆ, ಅವನಿಗಾಗಿ ಕೂದಲು ಕತ್ತರಿಸಲು ತಾನು ಕಲಿತದ್ದರ ಬಗ್ಗೆ ಹೇಳತೊಡಗಿದ್ದಾಳೆ. ಮೊದಲ ನಾಲ್ಕು ನಿಮಿಷ ಗಟ್ಟಿಯಾಗಿವೆ. ಐದನೆಯ ನಿಮಿಷದಲ್ಲಿ ಗಂಡನ ಮೇಲಿನ ಸಿಟ್ಟು ಜೋಕ್‌ಗಿಂತ ಮುಂದೆ ಓಡುತ್ತದೆ, ಸಭೆಯ ಗಂಡಸರು ಕಣ್ಣು ತಗ್ಗಿಸುತ್ತಾರೆ. ಸೈನಿಕರ ಹೆಂಡತಿಯರು ಕೂತಿರುವ ಸಂಜೆ ಅದನ್ನು ಪಟ್ಟಿಯ ಯಾವ ಜಾಗದಲ್ಲಿ ಇಡಬೇಕೆಂದು ಕ್ಲಬ್ ಇನ್ನೂ ಪರೀಕ್ಷೆ ಮಾಡುತ್ತಿದೆ. ಸದ್ಯಕ್ಕೆ ವಿರಾಮದ ಮುಂಚೆ, ಮಾಜಿ ಸೈನಿಕನ ನಂತರ.